ಎಂಟಕ್ಕೆ ಬೀಳುವವಳು

ನನ್ನ ಕೆಲಸ ಟೇಪು ಅಂಟಿಸುವುದು. ನಗಬೇಡಿ. ನೃತ್ಯ ತಂಡವೊಂದು ಹೊಸ ರಂಗಮಂದಿರಕ್ಕೆ ಹೋದಾಗ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಬೀಳಬೇಕು ಎಂದು ನೆಲದ ಮೇಲೆ ಬಣ್ಣದ ಟೇಪಿನಲ್ಲಿ ಗುರುತು ಹಾಕುವವರು ಒಬ್ಬರು ಬೇಕಾಗುತ್ತದೆ. ಇಪ್ಪತ್ತಾರು ವರ್ಷದಿಂದ ಆ ಒಬ್ಬಳು ನಾನು. ನೆಲ ಒರೆಸುವುದು, ಕಿತ್ತುಹೋದ ಗುಂಡಿ ಹೊಲಿಯುವುದು, ಬೆವರಿದವರಿಗೆ ಟವೆಲ್ಲು ಎಸೆಯುವುದು, ತಡವಾಗಿ ಬಂದವರಿಗೆ ಬೈಯುವುದು, ಇವೆಲ್ಲವೂ ನನ್ನವೇ. ಆದರೂ ಹೆಸರು ಬಂದದ್ದು ಟೇಪಿನಿಂದ. ಎಲ್ಲರಿಗೂ ನಾನು ಟೇಪಕ್ಕ. ಹೆತ್ತವರು ಇಟ್ಟ ಹೆಸರಿನಿಂದ ಈಗ ಯಾರಾದರೂ ಕರೆದರೆ ನಾನು ತಿರುಗಿಯೂ ನೋಡುವುದಿಲ್ಲ.

ಇದು ನನ್ನ ಕಥೆಯಲ್ಲ, ಬುಗುರಿಯ ಕಥೆ. ಆದರೆ ಇದರಲ್ಲಿ ನನ್ನದೊಂದು ತಪ್ಪಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಆಮೇಲೆ ನಿಮ್ಮೆದುರು ಗೊಳೋ ಎಂದು ಅಳುವವರ ಪೈಕಿ ನಾನಲ್ಲ. ಬುಗುರಿಯ ಮೊಣಕೈ ಮುರಿದದ್ದು ನನ್ನಿಂದ. ಒಂದೂವರೆ ವರ್ಷ ನಾನದನ್ನು ಯಾರಿಗೂ ಹೇಳಲಿಲ್ಲ. ಆ ಒಂದೂವರೆ ವರ್ಷದಲ್ಲಿ ಅವಳು ತನ್ನ ಕಸುಬನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಳು.

ಬುಗುರಿ ಎಂದು ಕರೆದದ್ದು ಅವಳ ಅಪ್ಪ. ಕೂತಲ್ಲಿ ಕೂರುವ ಮಗುವಲ್ಲವಂತೆ. ಊಟಕ್ಕೆ ಕೂರಿಸಿದರೆ ತಟ್ಟೆಯ ಸುತ್ತ ಒಂದು ಸುತ್ತು, ಒಂದು ತುತ್ತು. ಅವಳಿಗೆ ಏಳು ತುಂಬುವಷ್ಟರಲ್ಲಿ ಅಪ್ಪ ತೀರಿಕೊಂಡರು, ಹೆಸರು ಮಾತ್ರ ಉಳಿಯಿತು. ಅಮ್ಮ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಗಟ್ಟಿ ಹೆಂಗಸು. ಕೈಕಾಲು ಮುರಿದುಕೊಂಡು ಬಂದವರನ್ನು ಮೂವತ್ತು ವರ್ಷ ಎತ್ತಿ ಕೂರಿಸಿ, ಮಲಗಿಸಿ, ನಡೆಸಿ, ಮನೆಗೆ ಕಳಿಸಿದವರು. ಮಗಳು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಓದಲಿ, ಒಂದು ಕುರ್ಚಿ ಹಿಡಿದು ನೆಟ್ಟಗೆ ಕೂರಲಿ ಎನ್ನುವುದಷ್ಟೇ ಅವರ ಆಸೆ.

ಹತ್ತೊಂಬತ್ತರ ವಯಸ್ಸಿನಲ್ಲಿ ಬುಗುರಿ ಗೆಳತಿಯ ಜೊತೆಗೆ ಸುಮ್ಮನೆ ನಮ್ಮ ಅಭ್ಯಾಸದ ಹಾಲ್‌ಗೆ ಬಂದಳು. ಸೇರಬೇಕೆಂದಿದ್ದವಳು ಗೆಳತಿ. ಇವಳು ಬಾಗಿಲಲ್ಲಿ ಚಪ್ಪಲಿ ಕಾಯುತ್ತ ನಿಂತಿದ್ದಳು. ನಮ್ಮ ಮೇಷ್ಟ್ರು, ಅಂದರೆ ತಂಡ ಕಟ್ಟಿದವರು, ನೃತ್ಯ ಹೆಣೆಯುವವರು, ಅವಳನ್ನು ನೋಡಿ, "ನೀನ್ಯಾಕೆ ಅಲ್ಲಿ ನಿಂತಿದ್ದೀಯ? ಬಾ, ಬೀಳು," ಎಂದರು. ಇವಳು ಹಿಂದೆ ಮುಂದೆ ನೋಡದೆ ಬಂದು ದೊಪ್ಪನೆ ಬಿದ್ದಳು. ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. "ಇವಳಿಗೆ ಭಯ ಇಲ್ಲ. ಬೀಳೋಕೂ ಬರಲ್ಲ. ಭಯ ಇಲ್ಲದಿರೋದು ಅಪರೂಪ, ಬೀಳೋದನ್ನ ನಾನು ಕಲಿಸ್ತೀನಿ," ಎಂದರು. ಗೆಳತಿ ಎರಡು ವಾರಕ್ಕೆ ಬಿಟ್ಟುಹೋದಳು. ಬುಗುರಿ ಇಪ್ಪತ್ತು ವರ್ಷವಾದರೂ ಹೋಗಲಿಲ್ಲ.

ಮೂರು ತಿಂಗಳು ಅವಳಿಗೆ ಕುಣಿಯಲು ಬಿಡಲೇ ಇಲ್ಲ. ಬೀಳುವುದೇ ಪಾಠ. ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ, ಸದ್ದಿಲ್ಲದೆ. ಮೈಯೆಲ್ಲ ನೀಲಿಗಟ್ಟಿಸಿಕೊಂಡು ಮನೆಗೆ ಹೋದಾಗ ಅವಳಮ್ಮ ನನ್ನನ್ನು ಹುಡುಕಿಕೊಂಡು ಬಂದು ತರಾಟೆಗೆ ತೆಗೆದುಕೊಂಡರು.

"ಏನಮ್ಮ ನೀವು ಕಲಿಸ್ತಿರೋದು? ನಾನು ಬಿದ್ದೋರನ್ನ ಎತ್ತಿ ಎತ್ತಿ ಸೊಂಟ ಬೀಳಿಸ್ಕೊಂಡಿದ್ದೀನಿ. ನನ್ನ ಮಗಳು ಬೀಳೋಕೆ ಕ್ಲಾಸಿಗೆ ಹೋಗ್ತಾಳಂತೆ! ಬೀಳೋದನ್ನ ಯಾರಾದ್ರೂ ಕಲೀಬೇಕಾ?"

"ಕಲ್ತಿದ್ರೆ ನಿಮ್ಮ ವಾರ್ಡು ಅರ್ಧ ಖಾಲಿ ಇರ್ತಿತ್ತಲ್ಲಮ್ಮ," ಎಂದುಬಿಟ್ಟೆ. ನನ್ನ ನಾಲಿಗೆಗೆ ಮೂಳೆ ಇಲ್ಲ. ಆಯಮ್ಮ ಒಂದು ಗಳಿಗೆ ನನ್ನನ್ನೇ ದುರುಗುಟ್ಟಿ ನೋಡಿದರು, ಆಮೇಲೆ ಕಿಸಕ್ಕನೆ ನಕ್ಕರು. ಅಲ್ಲಿಂದ ನಾವಿಬ್ಬರೂ ಸ್ನೇಹಿತೆಯರು.

ನಮ್ಮ ನೃತ್ಯ ಎಂಥದ್ದು ಎಂದು ಕೇಳುವವರಿಗೆ ಬುಗುರಿ ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಳು. ಹೊಳೆಯುವ ಬಟ್ಟೆಯಿಲ್ಲ, ಎಷ್ಟೋ ಸಲ ಹಾಡೂ ಇಲ್ಲ, ಮುಖದಲ್ಲಿ ನಗುವಿಲ್ಲ. ಬರಿಗಾಲಲ್ಲಿ ಬಂದು ನಡೆಯುತ್ತಾರೆ, ಬೀಳುತ್ತಾರೆ, ಒಬ್ಬರ ಮೇಲೊಬ್ಬರು ಒರಗುತ್ತಾರೆ, ಏಳುತ್ತಾರೆ. ಒಮ್ಮೆ ಅವಳ ಚಿಕ್ಕಮ್ಮ ಪ್ರದರ್ಶನ ನೋಡಿ ಹೊರಗೆ ಬಂದು, "ಎಲ್ಲಾ ಚೆನ್ನಾಗಿತ್ತು ಪುಟ್ಟಿ. ಇದರಲ್ಲಿ ಕಥೆ ಏನು?" ಎಂದರು. "ಕಥೆ ಇಲ್ಲ ಚಿಕ್ಕಮ್ಮ, ಭಾರ ಇದೆ," ಎಂದಳು ಬುಗುರಿ. ಚಿಕ್ಕಮ್ಮ ಪಾಪ, ಭಾರ ಎಂಬ ಮಾತಷ್ಟೇ ಅರ್ಥವಾಗಿ, ತನ್ನ ಕೈಚೀಲ ಬುಗುರಿಯ ಕೈಗೆ ಕೊಟ್ಟು ಮೆಟ್ಟಿಲಿಳಿದರು.

ಅವಳಿದ್ದದ್ದು ಮೂರನೇ ಮಹಡಿಯ ಒಂದು ಕೋಣೆಯಲ್ಲಿ. ಬೆಳಗ್ಗೆ ಎದ್ದ ಕೂಡಲೇ ಮಂಚವನ್ನು ಗೋಡೆಗೆ ನಿಲ್ಲಿಸಿಬಿಡುತ್ತಿದ್ದಳು, ನೆಲ ಬೇಕಲ್ಲ. ಕೆಳಗಿನ ಮನೆಯ ಗಡಿಯಾರ ರಿಪೇರಿಯವರು ಪೊರಕೆ ಹಿಡಿಯಿಂದ ತಮ್ಮ ಛಾವಣಿಗೆ ಕುಟ್ಟಿದರೆ ಅಂದಿನ ಅಭ್ಯಾಸ ಮುಗಿಯಿತೆಂದೇ ಲೆಕ್ಕ. ಬೆಳಗ್ಗೆ ಒಂದು ಶಾಲೆಯ ಮಕ್ಕಳಿಗೆ ಪಾಠ, ಮಧ್ಯಾಹ್ನ ನಮ್ಮ ಅಭ್ಯಾಸ, ಸಂಜೆ ಆಫೀಸು ಮುಗಿಸಿ ಬಂದ ಹೆಂಗಸರಿಗೆ ಬೆನ್ನು ಬಗ್ಗಿಸುವುದನ್ನು ಹೇಳಿಕೊಡುವುದು. ಹಿಮ್ಮಡಿ ಒಡೆದು ಬಿರುಕು ಬಿಟ್ಟರೆ ನನ್ನ ಡಬ್ಬಿಯಿಂದ ಟೇಪು ಕದ್ದು ಸುತ್ತಿಕೊಳ್ಳುತ್ತಿದ್ದಳು. "ಕಳ್ಳಿ, ಅದು ನೆಲಕ್ಕೆ!" ಎಂದು ನಾನು ಕೂಗಿದರೆ, "ನಾನೂ ನೆಲಾನೇ ಟೇಪಕ್ಕ, ಬಿಡು," ಎನ್ನುತ್ತಿದ್ದಳು.

ಅವಳಿಗೆ ಹೆಸರು ತಂದುಕೊಟ್ಟದ್ದು ಒಂದು ಜೋಡಿನೃತ್ಯ. ಜೊತೆಗಾರ ಕಂಬ. ಆರಡಿ ಆಳು, ಮಾತು ಕಮ್ಮಿ, ಅದಕ್ಕೇ ಆ ಹೆಸರು. ಮೊದಲು ಮನೆ ಸಾಮಾನು ಸಾಗಿಸುವವರ ಲಾರಿಯಲ್ಲಿ ಕೆಲಸಕ್ಕಿದ್ದ. ನಮ್ಮ ಹಾಲ್‌ಗೆ ಕನ್ನಡಿ ತಂದಿಳಿಸಲು ಬಂದವನು ಅದನ್ನು ಮಗುವಿನಂತೆ ಎದೆಗಾನಿಸಿ ಒಂದು ಚೂರೂ ಸದ್ದಾಗದಂತೆ ಇಟ್ಟದ್ದನ್ನು ನೋಡಿ ಮೇಷ್ಟ್ರು ಅವನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿಕೊಂಡರು. ಬೀರು ಹೊತ್ತವನಿಗೆ ಬುಗುರಿ ಯಾವ ಲೆಕ್ಕ?

ಆ ನೃತ್ಯದ ಜೀವ ಎಂಟು ಎಣಿಕೆಯಲ್ಲಿತ್ತು. ಸಂಗೀತ ನಿಲ್ಲುತ್ತದೆ. ಬುಗುರಿ ಕಂಬನಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಇಬ್ಬರೂ ಮನಸ್ಸಿನಲ್ಲೇ ಎಣಿಸುತ್ತಾರೆ. ಆರಕ್ಕೆ ಕಂಬ ಅವಳ ಹಿಂದೆ ನೆಲದ ಮೇಲಿರುವ ಹಳದಿ ಗುರುತಿಗೆ ಬಂದಿರಬೇಕು. ಎಣಿಕೆಯುದ್ದಕ್ಕೂ ಮಂಕಾಗುತ್ತ ಬಂದ ದೀಪ ಏಳಕ್ಕೆ ಪೂರ್ತಿ ಆರುತ್ತದೆ. ಎಂಟಕ್ಕೆ ಅವಳು ನೆಟ್ಟಗೆ ಹಿಂದಕ್ಕೆ ಬೀಳುತ್ತಾಳೆ. ದೀಪ ಮತ್ತೆ ಬಂದಾಗ ನೆಲದಿಂದ ಒಂದು ಗೇಣು ಮೇಲೆ ಅವನ ಕೈಯಲ್ಲಿರುತ್ತಾಳೆ. ಬರಿಗಾಲಿನ ನಡಿಗೆ ಅವಳಿಗೆ ಕೇಳಿಸುವುದಿಲ್ಲ. ಕತ್ತಲಲ್ಲಿ ಅವಳು ಅವನಿಗೆ ಕಾಣುವುದಿಲ್ಲ. "ಕಣ್ಣನ್ನ ನಂಬಬೇಡಿ, ಎಣಿಕೆ ನಂಬಿ, ಗುರುತು ನಂಬಿ," ಎನ್ನುವುದು ಮೇಷ್ಟ್ರ ಮಾತು. ಹನ್ನೊಂದು ವರ್ಷ ಹಾಗೆಯೇ ಬಿದ್ದಳು, ಹಾಗೆಯೇ ಹಿಡಿದ. ನೋಡುವವರು ಪ್ರತಿಸಲವೂ ಉಸಿರು ಬಿಗಿಹಿಡಿಯುತ್ತಿದ್ದರು.

ಇನ್ನು ಆ ಸಂಜೆಯ ಮಾತು. ಹೊಸ ರಂಗಮಂದಿರ. ಹಿಂದಿನ ದಿನ ಬೇರೆ ಯಾವುದೋ ತಂಡ ಅಲ್ಲಿ ಆಡಿ ಹೋಗಿತ್ತು, ಅವರ ಟೇಪಿನ ಚೂರುಗಳು ನೆಲದ ಮೇಲೆ ಅಲ್ಲಲ್ಲಿ ಉಳಿದಿದ್ದವು. ಹಳೆಯ ಗುರುತುಗಳನ್ನೆಲ್ಲ ಕಿತ್ತು, ನೆಲವನ್ನು ಅಂಗೈಯಿಂದ ಸವರಿ ನೋಡಿ, ಆಮೇಲೆ ನಮ್ಮ ಗುರುತು ಹಾಕುವುದು ನನ್ನ ನೇಮ. ಅಂದು ಸೊಂಟ ಹಿಡಿದುಕೊಂಡಿತ್ತು. ಮಂಡಿಯೂರಿ ಕೂರಲು ಆಗಲಿಲ್ಲ. ನಿಂತೇ ನೋಡಿದೆ, ಕಂಡದ್ದನ್ನು ಕಿತ್ತೆ, ಸಾಕು ಎಂದುಕೊಂಡೆ. ಆ ತಂಡದವರದೊಂದು ಹಳದಿ ಗುರುತು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಹಾಕಿದ ಹಳದಿಗೆ ಎರಡು ಹೆಜ್ಜೆ ಪಕ್ಕದಲ್ಲಿತ್ತು.

ಮಂಕು ಬೆಳಕಿನಲ್ಲಿ ಕಂಬ ಆ ಬೇರೆಯವರ ಗುರುತಿಗೆ ಬಂದು ನಿಂತ. ದೀಪ ಆರಿತು. ಎಂಟಾಯಿತು.

ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ, ಬಿಡಿ.

ಪರದೆ ಎಳೆದರು, ಎಲ್ಲರೂ ಅವಳತ್ತ ಓಡಿದರು. ನಾನೂ ಓಡಿದೆ. ಆಗ ನನ್ನ ಕಾಲಡಿಯಲ್ಲೇ ಕಂಡಿತು, ಎರಡು ಹಳದಿ. ಅವಳನ್ನು ಎತ್ತಿಕೊಂಡು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಬಗ್ಗಿ ಆ ಪರರ ಗುರುತನ್ನು ಕಿತ್ತದ್ದು. ಬೆಳಗ್ಗೆ ಬಗ್ಗದ ಸೊಂಟ ಆಗ ಬಗ್ಗಿತು. ಅದನ್ನು ಸುರುಳಿ ಸುತ್ತಿ ನನ್ನ ಟೇಪಿನ ಡಬ್ಬಿಯ ತಳಕ್ಕೆ ಹಾಕಿದೆ. ಎಸೆಯಲು ಮಾತ್ರ ಕೈ ಬರಲಿಲ್ಲ.

ಮೊಣಕೈ ಎರಡು ಕಡೆ ಮುರಿದಿತ್ತು. ಅಮ್ಮ ಅಷ್ಟರಲ್ಲಿ ನಿವೃತ್ತರಾಗಿದ್ದರು, ಮಗಳನ್ನು ತಮ್ಮ ಮನೆಗೇ ಕರೆದೊಯ್ದರು. "ನಾನು ವಾರ್ಡು ಬಿಟ್ಟೆ, ವಾರ್ಡು ನನ್ನ ಬಿಡಲಿಲ್ಲ ನೋಡು," ಎನ್ನುತ್ತ ಮಗಳ ಕೈಗೆ ದಿಂಬು ಕೊಡುತ್ತಿದ್ದರು. ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಪ್ರತಿಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಆಯಮ್ಮ ಬಾಗಿಲು ತೆರೆದು, "ನೀನಾದ್ರೂ ಬರ್ತೀಯಲ್ಲ ಕಣಮ್ಮ, ಇವಳಿಗೆ ನೀನೇ ಅಕ್ಕ," ಎನ್ನುತ್ತಿದ್ದರು. ನಾನು ಬಾಯಿ ಬಿಡದೆ ಹಿಂತಿರುಗುತ್ತಿದ್ದೆ. ಮೊದಲ ದಿನ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಒಂದು ತಿಂಗಳಾದ ಮೇಲೆ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಕೊಡಬೇಕಿತ್ತು. ಕೆಲಸ ಹೋಗುವ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಇತ್ತ ಅವರಿಬ್ಬರ ಮಧ್ಯೆ ಮಾತು ನಿಂತಿತು. "ಅವನು ತಡ ಮಾಡಿದ," ಎಂದಳು ಅವಳು. "ನಾನು ಗುರುತಿನ ಮೇಲೇ ಇದ್ದೆ, ಅವಳೇ ಸೊಟ್ಟಗೆ ಬಿದ್ದಳು," ಎಂದ ಅವನು. ಹನ್ನೊಂದು ವರ್ಷ ಕಣ್ಣು ಮುಚ್ಚಿ ನಂಬಿದವರು ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟರು. ಏಳು ತಿಂಗಳಾದ ಮೇಲೆ ಅವಳು ಅಭ್ಯಾಸಕ್ಕೆ ಮರಳಿದಾಗ ನಾನೇ ಅಂಚೆಯವಳಾದೆ. ಇಬ್ಬರೂ ಮೂರಡಿ ದೂರದಲ್ಲಿ ನಿಂತಿರುತ್ತಿದ್ದರು.

"ಟೇಪಕ್ಕ, ಅವನಿಗೆ ಹೇಳು, ಎಡಗೈ ಸ್ವಲ್ಪ ಕೆಳಗಿರಲಿ."

"ಟೇಪಕ್ಕ, ಅವಳಿಗೆ ಹೇಳಿ, ಎಡಗೈ ಕೆಳಗೇ ಇದೆ."

"ನನ್ನ ತಲೆ ಇದೆ!" ಎಂದು ಒಂದು ದಿನ ರೇಗಿದೆ. "ನಾನೇನು ಗೋಡೆನಾ, ಇಬ್ಬರೂ ಚೆಂಡು ಹೊಡೀತಿದ್ದೀರಲ್ಲ?" ನನ್ನ ಸಿಟ್ಟೆಲ್ಲ ನನ್ನ ಮೇಲೆಯೇ ಎಂದು ಅವರಿಗೇನು ಗೊತ್ತು?

ಕೈ ಕೂಡಿತ್ತು. ಬಲ ಬಂದಿತ್ತು. ಉಳಿದ ನೃತ್ಯವೆಲ್ಲ ಮೊದಲಿಗಿಂತ ಚೆನ್ನಾಗಿಯೇ ಮಾಡುತ್ತಿದ್ದಳು. ಆ ಎಂಟು ಎಣಿಕೆ ಮಾತ್ರ ಕೈಗೂಡಲಿಲ್ಲ. ಏಳು ಬಂತೆಂದರೆ ಅವಳ ಗಲ್ಲ ಒಂದು ಚೂರು ಪಕ್ಕಕ್ಕೆ ತಿರುಗುತ್ತಿತ್ತು, ಕಣ್ಣು ತೆರೆಯುತ್ತಿತ್ತು, ಕಾಲು ಹಿಂದಕ್ಕೆ ಹೋಗಿ ನೆಲ ಹುಡುಕುತ್ತಿತ್ತು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ, ತಿಂಗಳುಗಟ್ಟಲೆ. ಕಂಬ ಕೈಚಾಚಿ ಸುಮ್ಮನೆ ನಿಂತಿರುತ್ತಿದ್ದ. ಮೇಷ್ಟ್ರು ಒಂದು ಸೋಮವಾರ ಎಲ್ಲರೆದುರೇ ಹೇಳಿದರು: "ಶುಕ್ರವಾರದವರೆಗೆ ನೋಡ್ತೀನಿ ಬುಗುರಿ. ಆಗಲಿಲ್ಲ ಅಂದ್ರೆ ಈ ನೃತ್ಯ ಬಿಟ್ಟುಬಿಡೋಣ. ಬೀಳೋದನ್ನ ತೆಗೆದುಹಾಕಿ ಇದನ್ನ ಆಡಿಸೋಕೆ ನನಗೆ ಮನಸ್ಸಿಲ್ಲ." ಮೆತ್ತಗೆ ಹೇಳಿದರು, ಬೈದಿದ್ದರೆ ಚೆನ್ನಾಗಿತ್ತು. ಅವಳಿಗೆ ಆಗ ಮೂವತ್ತೊಂಬತ್ತು. ಅವಳು ಪಾಠ ಹೇಳುತ್ತಿದ್ದ ಶಾಲೆಯವರು ಪೂರ್ತಿ ಹೊತ್ತಿನ ಕೆಲಸಕ್ಕೆ ಕರೆದಿದ್ದರು. ತುಂಬಬೇಕಾದ ಅರ್ಜಿ ಅವಳ ಚೀಲದಲ್ಲಿತ್ತು, ನಾನೇ ನೋಡಿದ್ದೆ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಹಾಲ್ ಖಾಲಿ. ನಾನು ಒರೆಸುವ ಬಟ್ಟೆ ಹಿಡಿದು ಒಳಗೆ ಹೋದರೆ ಬುಗುರಿ ಒಬ್ಬಳೇ ಕನ್ನಡಿಗೆ ಬೆನ್ನು ಹಾಕಿ, ಕೈಯಲ್ಲೊಂದು ಸ್ಟಾಪ್‌ವಾಚು ಹಿಡಿದು ನಿಂತಿದ್ದಳು. ಕಣ್ಣು ಮುಚ್ಚುತ್ತಾಳೆ, ಒತ್ತುತ್ತಾಳೆ, ತುಟಿ ಅಲುಗುತ್ತದೆ, ಮತ್ತೆ ಒತ್ತುತ್ತಾಳೆ, ನೋಡಿ ಒಂದು ಚೀಟಿಯಲ್ಲಿ ಬರೆಯುತ್ತಾಳೆ.

"ಏನೇ ಇದು?" ಎಂದೆ.

"ಎಂಟು ಎಣಿಸ್ತಿದ್ದೀನಿ." ಚೀಟಿ ತೋರಿಸಿದಳು. "ನೋಡು, ಒಂದ್ಸಲ ಬೇಗ, ಒಂದ್ಸಲ ತಡ. ಒಂದರ ಹಾಗೆ ಇನ್ನೊಂದಿಲ್ಲ. ಕೈ ಮುರಿದ ಮೇಲೆ ಹೀಗಾಯ್ತು ಅಂದ್ಕೊಂಡಿದ್ದೆ. ಅಲ್ಲ ಟೇಪಕ್ಕ. ಮೊದಲೇ ಹೋಗಿತ್ತು ಅನ್ಸುತ್ತೆ. ಅವತ್ತು ತಪ್ಪಿದ್ದು ನಾನೇ. ನಾನೇ ಸೊಟ್ಟಗೆ ಬಿದ್ದಿದ್ದೀನಿ, ಒಪ್ಪಿಕೊಳ್ಳೋಕೆ ಆಗದೆ ಅವನ ಮೇಲೆ ಹಾಕಿದೆ. ಎಷ್ಟು ಸಂಕಟ ಆಗಿರುತ್ತೆ ಪಾಪ ಅವನಿಗೆ." ಅವಳ ದನಿ ಸಣ್ಣದಾಯಿತು. "ನನ್ನ ಮೈ ನನಗೆ ಸುಳ್ಳು ಹೇಳ್ತು ಅಂದ್ಮೇಲೆ ಇನ್ನು ಯಾವ ಧೈರ್ಯದಲ್ಲಿ ಬೀಳಲಿ? ನಾಳೆ ಮೇಷ್ಟ್ರಿಗೆ ಹೇಳಿಬಿಡ್ತೀನಿ. ಕಂಬನಿಗೆ ನೀನು ಹೇಳು. ನನಗೆ ಮುಖ ಇಲ್ಲ."

ಅವಳು ಕಂಬನನ್ನು ಬೈದಿದ್ದರೆ ನಾನು ಆವತ್ತೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ನನ್ನ ತಪ್ಪನ್ನು ಅವಳು ತನ್ನ ಮೈಮೇಲೆ ಹಾಕಿಕೊಂಡಾಗ ತಡೆಯಲಾಗಲಿಲ್ಲ. ಡಬ್ಬಿ ತೆರೆದೆ. ಸುರುಳಿಗಳನ್ನೆಲ್ಲ ನೆಲಕ್ಕೆ ಸುರಿದೆ. ತಳದಲ್ಲಿದ್ದ ಆ ಹಳದಿ ಉಂಡೆಯನ್ನು ಎತ್ತಿ ಅವಳ ಕೈಗಿಟ್ಟೆ.

"ಇದು ಅವತ್ತು ನೆಲದ ಮೇಲಿತ್ತು," ಎಂದೆ. "ಬೇರೆಯವರ ಗುರುತು, ನನ್ನದಕ್ಕೆ ಎರಡು ಹೆಜ್ಜೆ ಪಕ್ಕದಲ್ಲಿ. ನಾನು ನೋಡಲಿಲ್ಲ, ಕೀಳಲಿಲ್ಲ. ಕಂಬ ಇದರ ಮೇಲೆ ನಿಂತಿದ್ದ. ನೀನು ನೆಟ್ಟಗೇ ಬಿದ್ದೆ ಕಣೆ. ಸರಿಯಾಗಿ ಎಂಟಕ್ಕೇ ಬಿದ್ದೆ. ನಿನ್ನ ತಪ್ಪೂ ಅಲ್ಲ, ಅವನ ತಪ್ಪೂ ಅಲ್ಲ. ನನ್ನದು."

ಅವಳು ಆ ಉಂಡೆಯನ್ನು ಉಗುರಿನಿಂದ ನಿಧಾನವಾಗಿ ಬಿಡಿಸಿದಳು. ಧೂಳು ಹಿಡಿದು ಅಂಟೆಲ್ಲ ಹೋಗಿತ್ತು. ನೆಲದ ಮೇಲಿದ್ದ ನನ್ನ ಗುರುತಿನಿಂದ ಎರಡು ಹೆಜ್ಜೆ ಅಳೆದು, ಅದನ್ನು ಅಲ್ಲಿಟ್ಟು, ಅಂಗೈಯಿಂದ ಒತ್ತಿ ಹಿಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಜೋರಾಗಿ ಕೂಗಿದಳು, "ಕಂಬಾ!" ಒಂದೂವರೆ ವರ್ಷದ ಮೇಲೆ.

ಕಂಬ ಊಟದ ಡಬ್ಬಿ ಹಿಡಿದೇ ಓಡಿ ಬಂದ. ಅವಳೇ ಹೇಳಿದಳು, ಎರಡೇ ಮಾತಿನಲ್ಲಿ. ಅವನು ಎರಡು ಹಳದಿಯನ್ನೂ ನೋಡಿದ, ನನ್ನನ್ನು ನೋಡಿದ. "ಟೇಪಕ್ಕ," ಎಂದ, "ನಾನು ಒಂದೂವರೆ ವರ್ಷದಿಂದ ನನ್ನ ಮಗಳನ್ನ ಎತ್ತಿಕೊಂಡಿಲ್ಲ. ಕೈ ಜಾರಿಬಿಟ್ರೆ ಅಂತ." ಅಷ್ಟೇ. ಗೋಡೆಗೆ ಮುಖ ಮಾಡಿ ನಿಂತ.

ನಾನು ಅತ್ತೆ. ಅಳುವುದಿಲ್ಲ ಎಂದು ಮೊದಲೇ ಹೇಳಿದ್ದೆ, ಆದರೂ ಅತ್ತೆ. "ಹೊಡೀರಿ ಬೇಕಾದ್ರೆ," ಎಂದೆ. "ಮೇಷ್ಟ್ರಿಗೆ ನಾನೇ ಹೇಳ್ತೀನಿ. ಇವತ್ತೇ ಗಂಟುಮೂಟೆ ಕಟ್ತೀನಿ."

"ಎಲ್ಲಿಗೂ ಹೋಗಬೇಡ," ಎಂದಳು ಬುಗುರಿ. ಅವಳ ಮುಖ ಕೆಂಡದಂತಾಗಿತ್ತು. "ಒಂದೂವರೆ ವರ್ಷ ನನ್ನ ಬೆನ್ನನ್ನ ನಾನು ನಂಬಲಿಲ್ಲ. ಮೂಳೆ ಮುರಿದಿದ್ದಕ್ಕಲ್ಲ ನನಗೆ ಸಿಟ್ಟು. ಮನೆಗೆ ಬಂದು ನನ್ನ ಎದುರಿಗೆ ಕೂತ್ಕೋತಿದ್ದೆ. ನನ್ನ ತಲೆ ಬಾಚ್ತಿದ್ದೆ. ಆಗ್ಲೂ ಹೇಳಲಿಲ್ಲ ನೀನು." ಉಸಿರು ತೆಗೆದುಕೊಂಡಳು. "ಬಾ. ಇಲ್ಲಿ ನಿಲ್ಲು."

ನನ್ನ ಗುರುತಿನ ಮೇಲೆ ನನ್ನನ್ನೇ ನಿಲ್ಲಿಸಿದಳು. ಏನು ಮಾಡಹೊರಟಿದ್ದಾಳೆಂದು ತಿಳಿದದ್ದೇ ತಡ ನಾನು ಕಿರುಚಿದೆ. "ಬೇಡ ಕಣೆ, ನನಗೆ ಐವತ್ತೆಂಟು!"

"ಟೇಪಕ್ಕನಿಗೆ ಸೊಂಟ ನೋವು," ಎಂದ ಕಂಬ, ಗೋಡೆಯ ಕಡೆಯಿಂದ ತಿರುಗಿ.

"ಗೊತ್ತು," ಎಂದಳು. ನನಗೆ ಬೆನ್ನು ಹಾಕಿ ನಿಂತಳು. ಅವಳ ಕುತ್ತಿಗೆಯ ಹಿಂದೆ ಬೆವರು ಕಾಣುತ್ತಿತ್ತು. ನಾನು ಕೈ ಚಾಚಿದೆ. ಚಾಚದೆ ಏನು ಮಾಡಲಿ? ಮನಸ್ಸಿನಲ್ಲಿ ಎಣಿಸತೊಡಗಿದೆ. ಇಪ್ಪತ್ತಾರು ವರ್ಷ ಪಕ್ಕದಲ್ಲಿ ನಿಂತು ಕೇಳಿದ ಎಣಿಕೆ, ನನಗೂ ಬರುತ್ತದೆ. ಐದು. ಆರು. ಏಳಕ್ಕೆ ಅವಳ ಗಲ್ಲದ ಮೇಲೆ ಕಣ್ಣಿಟ್ಟೆ. ಗಲ್ಲ ತಿರುಗಲಿಲ್ಲ.

ಎಂಟಕ್ಕೆ ಬಂದಳು. ಅಮ್ಮಾ, ಎಷ್ಟು ಭಾರ! ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದೆ, ಅವಳನ್ನು ಎದೆಗವಚಿಕೊಂಡೇ ಹಿಂದಕ್ಕೆ ಕುಸಿದು ಕುಂಡೆಯೂರಿ ಕೂತೆ. ಅವಳ ತಲೆ ನೆಲ ಮುಟ್ಟಲಿಲ್ಲ. ನನ್ನ ಮಡಿಲಲ್ಲಿತ್ತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಟೇಪಕ್ಕ," ಎಂದಳು ಹಾಗೆಯೇ ಮಲಗಿ.

"ಹ್ಞೂಂ."

"ನಿನ್ನನ್ನ ಕ್ಷಮಿಸಿಲ್ಲ."

"ಸರಿ ಕಣೆ."

ಕಂಬ ಬಂದು ಇಬ್ಬರನ್ನೂ ಎಬ್ಬಿಸಿದ. ಅವಳನ್ನು ಎತ್ತುವಾಗ, "ಸ್ವಲ್ಪ ದಪ್ಪ ಆಗಿದ್ದೀಯ," ಎಂದ. "ನಿನ್ನ ಕೈಗೆ ರೂಢಿ ತಪ್ಪಿದೆ," ಎಂದಳು ಅವಳು. ನನ್ನ ಮೂಲಕವಲ್ಲ, ನೇರವಾಗಿ.

ಮೇಷ್ಟ್ರು ನನ್ನನ್ನು ಉಗಿದು ಉಪ್ಪಿನಕಾಯಿ ಹಾಕಿದರು, ಅದು ನ್ಯಾಯವೇ. ಬುಗುರಿಯ ಅಮ್ಮ ಮೂರು ತಿಂಗಳು ಮಾತು ಬಿಟ್ಟರು, ಅದೂ ನ್ಯಾಯವೇ. ಕೆಲಸದಿಂದ ತೆಗೆಯಬೇಕೆಂಬ ಮಾತು ಬಂದಾಗ, "ಗುರುತು ಅವಳೇ ಹಾಕಬೇಕು. ಇನ್ನು ಮೇಲೆ ಅವಳಷ್ಟು ಹುಷಾರಾಗಿ ಯಾರೂ ಹಾಕಲ್ಲ," ಎಂದು ಬುಗುರಿ ಅಡ್ಡ ಬಂದಳಂತೆ. ಶಾಲೆಯವರ ಅರ್ಜಿಯ ಹಿಂಬದಿಯಲ್ಲಿ ಈಗ ಅವಳ ಹೊಸ ನೃತ್ಯದ ಹೆಜ್ಜೆಗಳ ಗೀಟುಗಳಿವೆ.

ಈಗ ಯಾವ ರಂಗಮಂದಿರಕ್ಕೆ ಹೋದರೂ ನಾನು ಮಂಡಿಯೂರುತ್ತೇನೆ. ಈ ತುದಿಯಿಂದ ಆ ತುದಿಯವರೆಗೆ ಇಡೀ ನೆಲವನ್ನು ಅಂಗೈಯಿಂದ ಸವರುತ್ತೇನೆ. ಒಂದು ಗಂಟೆ ಹಿಡಿಯುತ್ತದೆ, ಆಮೇಲೆ ಏಳಲು ಯಾರಾದರೂ ಕೈ ಕೊಡಬೇಕು. ಕ್ಷಮಿಸಿದೆ ಎಂದು ಬುಗುರಿ ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ. ದೀಪ ಆರುತ್ತದೆ, ಅವಳು ಎಂಟಕ್ಕೆ ಕಣ್ಣು ಮುಚ್ಚಿ ಹಿಂದಕ್ಕೆ ಬೀಳುತ್ತಾಳೆ, ನಾನು ಅಂಟಿಸಿದ ಗುರುತನ್ನು ನಂಬಿ.